ಮೊಳೆಯ ಕುತ್ತಿಗೆಯಲ್ಲಿ ಗೀರು ಯಾಕಿರುತ್ತದೆ?

[ದೃಶ್ಯ: ಅಂಗೈ ಮೇಲೆ ಒಂದು ಮೊಳೆ, ತೀರಾ ಹತ್ತಿರದಿಂದ]

ನಮಸ್ಕಾರ. ಮನೆಯಲ್ಲಿ ಮೊಳೆ ಇದ್ದರೆ ಒಂದು ತಂದುಕೊಳ್ಳಿ. ತಲೆಯ ಕೆಳಗೆ, ಕುತ್ತಿಗೆಯ ಹತ್ತಿರ ಉಗುರಿನಿಂದ ಕೆರೆದು ನೋಡಿ. ತರಿತರಿಯಾಗಿ ಗೀರುಗಳು ತಗಲುತ್ತವೆ, ಅಲ್ವಾ? ಅವು ಸುಮ್ನೆ ಬಿದ್ದ ಗೀರುಗಳಲ್ಲ.

[ದೃಶ್ಯ: ತಂತಿಯ ದೊಡ್ಡ ಸುರುಳಿಗಳು]

ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದು ಮೊಳೆ ಮಾಡುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಮೊಳೆ ಮೆಷಿನ್ನಿನ ಹತ್ತಿರ ಬೆಂಕಿಯೇ ಇರುವುದಿಲ್ಲ. ಅಲ್ಲಿಗೆ ಬರುವುದು ತಂತಿ. ಮೊದಲು ಸುಮಾರು 5.5 ಮಿಲಿಮೀಟರ್ ದಪ್ಪದ ಮೆದು ಉಕ್ಕಿನ ತಂತಿ ತರಿಸುತ್ತಾರೆ. ಮೇಲಿನ ಕಿಟ್ಟ ತೆಗೆದು, ಸೋಪಿನ ಪುಡಿಯೊಳಗೆ ಹಾಯಿಸಿ, ಒಂದಕ್ಕಿಂತ ಒಂದು ಚಿಕ್ಕದಾದ ತೂತುಗಳಲ್ಲಿ ಎಳೆಯುತ್ತಾರೆ. ಹೌದು, ಸೋಪೇ! ಸಲೀಸಾಗಿ ಜಾರಲಿ ಅಂತ. 5.5 ಇದ್ದದ್ದು 3 ಮಿಲಿಮೀಟರಿಗೆ ಇಳಿಯುವಷ್ಟರಲ್ಲಿ ಒಂದು ಮೀಟರ್ ತಂತಿ ಮೂರು ಮೀಟರಿಗಿಂತ ಜಾಸ್ತಿ ಉದ್ದವಾಗಿರುತ್ತದೆ. ಎಳೆದಷ್ಟೂ ಗಟ್ಟಿಯೂ ಆಗುತ್ತದೆ.

[ದೃಶ್ಯ: ಮೊಳೆ ಮೆಷಿನ್, ನಿಧಾನ ಚಲನೆಯಲ್ಲಿ]

ಈಗ ಸರಿಯಾಗಿ ನೋಡಿ. ಇಕ್ಕಳದಂಥ ಎರಡು ಅಚ್ಚುಗಳು ತಂತಿಯನ್ನು ಕಚ್ಚಿ ಹಿಡಿಯುತ್ತವೆ. ತುದಿ ಮಾತ್ರ ಚೂರು ಹೊರಗೆ. ಅದರ ಮೇಲೆ ಎದುರಿನಿಂದ ಒಂದೇ ಏಟು! ಅಷ್ಟೂ ಲೋಹ ಚಪ್ಪಟೆಯಾಗಿ ಹರಡಿಕೊಂಡು ತಲೆಯಾಗುತ್ತದೆ. ಏಟಿಗೆ ತಂತಿ ಹಿಂದಕ್ಕೆ ಜಾರಬಾರದಲ್ಲ, ಅದಕ್ಕೇ ಅಚ್ಚಿನೊಳಗೆ ಹಲ್ಲುಗಳಿರುತ್ತವೆ. ನಿಮ್ಮ ಉಗುರಿಗೆ ತಗಲಿದ್ದು ಆ ಹಲ್ಲಿನ ಗುರುತು.

ಆಮೇಲೆ ಹಿಡಿತ ಸಡಿಲವಾಗಿ, ತಂತಿ ಒಂದು ಮೊಳೆಯಷ್ಟು ಮುಂದೆ ಸರಿಯುತ್ತದೆ. ಎರಡು ಕಡೆಯಿಂದ ಕಟ್ಟರ್‌ಗಳು ಬಂದು ಚಿವುಟುತ್ತವೆ. ಚಿವುಟಿದ ಜಾಗವೇ ಈ ಮೊಳೆಯ ಚೂಪು. ಹಿಂದೆ ಉಳಿದ ತುದಿ ಮುಂದಿನ ಮೊಳೆಯ ತಲೆಯಾಗಲು ಕಾದಿರುತ್ತದೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ನಿಮಿಷಕ್ಕೆ ನೂರಾರು ಮೊಳೆ ಉದುರುತ್ತವೆ. ಸದ್ದಂತೂ ಕೇಳಬೇಡಿ.

[ದೃಶ್ಯ: ತಿರುಗುವ ಡ್ರಮ್]

ಹೊಸ ಮೊಳೆಗೆ ಎಣ್ಣೆ ಜಿಡ್ಡು, ತುದಿಯಲ್ಲಿ ಲೋಹದ ಸಿಬಿರು ಅಂಟಿರುತ್ತದೆ. ಮರದ ಹೊಟ್ಟಿನ ಜೊತೆ ಡ್ರಮ್ಮಿಗೆ ಹಾಕಿ ತಿರುಗಿಸಿದರೆ ಎಲ್ಲಾ ಹೋಗಿ ಹೊಳಪು ಬರುತ್ತದೆ. ಮಳೆಗೆ ನೆನೆಯುವ ಕಡೆ ಬಳಸುವ ಮೊಳೆಯನ್ನು ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಅದ್ದುವುದೂ ಉಂಟು.

[ದೃಶ್ಯ: ಬಾಗಿದ ಮೊಳೆ, ಪಕ್ಕದಲ್ಲಿ ಕಾಂಕ್ರೀಟ್ ಮೊಳೆ]

ಸುತ್ತಿಗೆ ಓರೆಯಾಗಿ ಬಿದ್ದರೆ ಈ ಮೊಳೆ ಬಾಗುತ್ತದೆ. ಮೆದು ಉಕ್ಕು ನೋಡಿ. ಕಾಂಕ್ರೀಟ್ ಮೊಳೆಯ ಕಥೆ ಬೇರೆ. ಅದರಲ್ಲಿ ಇಂಗಾಲ ಜಾಸ್ತಿ, ಕಾಯಿಸಿ ಗಡುಸು ಮಾಡಿರುತ್ತಾರೆ. ಅದು ಬಾಗುವ ಬದಲು ಪಟ್ ಅಂತ ಮುರಿದು ಹಾರುತ್ತದೆ. ಹೊಡೆಯುವಾಗ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.