ಹೆಸರು ಹೇಳಿ ಮುರಿದ ಕಾನೂನು

ಕೇಳುಗರಿಗೆಲ್ಲ ನಮಸ್ಕಾರ.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಸತ್ಯಾಗ್ರಹಿಗಳು ಉಪ್ಪು ತಯಾರಿಸಿ, ಅದನ್ನು ಪೊಟ್ಟಣ ಕಟ್ಟಿ, ನೆರೆದ ಜನರೆದುರು ಹರಾಜಿಗಿಟ್ಟರು. ಅಂದಿನ ಉಪ್ಪಿನ ಕಾಯ್ದೆಯ ಪ್ರಕಾರ ಅದು ಅಪರಾಧವಾಗಿತ್ತು. ಒಂದು ಹಿಡಿ ಉಪ್ಪು ತೆಗೆದರೆ ಯಾರಿಗೂ ಕೇಡಾಗುವುದಿಲ್ಲ ಎಂಬುದು ಸರ್ಕಾರಕ್ಕೂ ಗೊತ್ತಿತ್ತು. ಆದರೆ ಆ ದಿನದ ಕಥೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಹರಾಜು. ಕಳ್ಳಮಾಲನ್ನು ಊರೆದುರು ಕೂಗಿ ಮಾರುವವರು ಯಾರಿದ್ದಾರೆ?

ಸಣ್ಣಪುಟ್ಟ ಕಾನೂನನ್ನು ಮುರಿಯುವುದು ಯಾವಾಗ ನ್ಯಾಯವೆನಿಸುತ್ತದೆ ಎಂಬ ಪ್ರಶ್ನೆಗೆ ಆ ಹರಾಜಿನಲ್ಲಿ ಅರ್ಧ ಉತ್ತರವಿದೆ. ಅದಕ್ಕೂ ಮೊದಲು, ಮಾರ್ಚ್ 2ರಂದೇ, ಗಾಂಧೀಜಿ ವೈಸರಾಯ್ ಇರ್ವಿನ್‌ರಿಗೆ ಪತ್ರ ಬರೆದು, ತಾವು ಯಾವ ಕಾನೂನನ್ನು ಏಕೆ ಮುರಿಯಲಿದ್ದೇವೆ ಎಂಬುದನ್ನು ತಿಳಿಸಿದ್ದರು. 1922ರಲ್ಲಿ ಅಹಮದಾಬಾದಿನ ನ್ಯಾಯಾಲಯದಲ್ಲಿ ಅವರು ತಪ್ಪೊಪ್ಪಿಕೊಂಡು, ಕಾನೂನಿನಲ್ಲಿರುವ ಅತಿ ಕಠಿಣ ಶಿಕ್ಷೆಯನ್ನೇ ಕೊಡಿ ಎಂದು ಕೇಳಿದ್ದರು. ಆರು ವರ್ಷಗಳ ಸೆರೆವಾಸವಾಯಿತು. ಕಾನೂನನ್ನು ಮುರಿದವನು ಅದರ ಬೆಲೆಯನ್ನು ತಾನೇ ತೆರಲು ಸಿದ್ಧನಾಗಿದ್ದಾಗ, ಆ ಒಂದು ಕಾನೂನನ್ನು ಒಪ್ಪದಿದ್ದರೂ ಕಾನೂನೆಂಬ ವ್ಯವಸ್ಥೆಯನ್ನು ಅವನು ಗೌರವಿಸುತ್ತಾನೆ.

ಈಗ ಬೆಂಗಳೂರಿನ ಯಾವುದಾದರೂ ಒನ್‌ವೇ ರಸ್ತೆಯ ಬಾಯಲ್ಲಿ ನಿಂತು ನೋಡಿ. ಮುಂದೆ ಹೋಗಿ ಯೂಟರ್ನ್ ತೆಗೆದುಕೊಳ್ಳಲು ಬೇಸರಪಟ್ಟು ಸ್ಕೂಟರೊಂದು ಎದುರಿನಿಂದ ನುಗ್ಗಿ ಬರುತ್ತದೆ. ಕ್ಯಾಮೆರಾ ಕಂಡೊಡನೆ ಹಿಂದೆ ಕೂತವರ ಕೈ ನಂಬರ್ ಪ್ಲೇಟಿನ ಮೇಲೆ ಹೋಗುತ್ತದೆ. ಕೇಳಿದರೆ, ಎಲ್ಲರೂ ಮಾಡುತ್ತಾರೆ, ನಾನೊಬ್ಬ ಮಾಡಿದರೆ ಏನಾಯಿತು ಎಂಬ ಉತ್ತರ ಸಿದ್ಧವಾಗಿರುತ್ತದೆ. ಇಲ್ಲಿ ಲಾಭ ಸವಾರನದು, ಅಪಾಯ ಎದುರಿನಿಂದ ಬರುವವನದು. ಇದನ್ನು ವ್ಯವಸ್ಥೆಯ ವಿರುದ್ಧದ ಪ್ರತಿಭಟನೆ ಎಂದು ಕರೆದುಕೊಳ್ಳುವವರನ್ನೂ ನಾನು ಕಂಡಿದ್ದೇನೆ, ಆ ಧೈರ್ಯಕ್ಕೆ ಮೆಚ್ಚಬೇಕು!

ಆಂಬುಲೆನ್ಸಿಗೆ ದಾರಿ ಬಿಡಲೆಂದು ಕೆಂಪು ದೀಪವಿದ್ದರೂ ಗೆರೆ ದಾಟಿ ಮುಂದೆ ಸರಿಯುವ ಚಾಲಕನದು ಬೇರೆಯೇ ಮಾತು. ಅವನ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ಕೇಡು ಮಾಡುವ ಉದ್ದೇಶವಿಲ್ಲದೆ, ಬೇರೊಂದು ಹಾನಿಯನ್ನು ತಪ್ಪಿಸಲು ಸದ್ಭಾವನೆಯಿಂದ ಮಾಡಿದ ಕೃತ್ಯಕ್ಕೆ ಹಿಂದಿನ ದಂಡ ಸಂಹಿತೆಯ 81ನೆಯ ಕಲಮು ಕೊಟ್ಟಿದ್ದ ರಕ್ಷಣೆಯನ್ನೇ ಇಂದಿನ ಭಾರತೀಯ ನ್ಯಾಯ ಸಂಹಿತೆಯ 19ನೆಯ ಕಲಮು ಮುಂದುವರಿಸಿದೆ.

ಕಷ್ಟದ ಪ್ರಶ್ನೆಯನ್ನು ಎತ್ತಿದವರು ಅಂಬೇಡ್ಕರ್. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅವರು, ಸಂವಿಧಾನಬದ್ಧ ಮಾರ್ಗಗಳು ಇಲ್ಲದಿದ್ದ ಕಾಲದಲ್ಲಿ ಕಾನೂನುಭಂಗಕ್ಕೆ ಸಮರ್ಥನೆ ಇತ್ತು, ಆ ಮಾರ್ಗಗಳು ತೆರೆದ ಮೇಲೆ ಅಸಹಕಾರವನ್ನೂ ಸತ್ಯಾಗ್ರಹವನ್ನೂ ಕೈಬಿಡಬೇಕು ಎಂದರು. ಅವನ್ನು ಅರಾಜಕತೆಯ ವ್ಯಾಕರಣವೆಂದೇ ಕರೆದರು. ಅಂಕೋಲೆಯ ಜನ ತಮ್ಮನ್ನು ಆಳುವವರನ್ನು ಆರಿಸಿದವರಲ್ಲ; ನಾವು ಆರಿಸುತ್ತೇವೆ. ಹಾಗಾಗಿ ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ, ನಾನೂ ಬಹುಮಟ್ಟಿಗೆ ಒಪ್ಪುತ್ತೇನೆ. ಬಹುಮಟ್ಟಿಗೆ ಎಂದು ಅಳೆದು ಹೇಳುವುದಕ್ಕೆ ಒಂದು ಕಾರಣವಿದೆ.

ಪಾದಚಾರಿ ಮಾರ್ಗದ ಅಂಚಿನಲ್ಲಿ ಗೋಣಿಚೀಲ ಹಾಸಿ, ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತ ಕೂರುವ ಹೆಂಗಸಿನ ಬಳಿ ಪರವಾನಗಿ ಇರಲಿಲ್ಲ. ಅವಳು ಅಡಗಿ ಕೂತವಳೂ ಅಲ್ಲ. ದಿನವೂ ಅದೇ ಜಾಗ, ಎಲ್ಲರಿಗೂ ಗೊತ್ತಿರುವ ಮುಖ. ತೆರವು ಮಾಡಿಸುವ ಪಾಲಿಕೆಯ ಗಾಡಿ ಬಂದಾಗ ಸೊಪ್ಪು ಕಳೆದುಕೊಳ್ಳುತ್ತಿದ್ದವಳೂ ಅವಳೇ. ಬೀದಿ ವ್ಯಾಪಾರವೂ, ತಕ್ಕ ನಿರ್ಬಂಧಗಳಿಗೊಳಪಟ್ಟು, ವೃತ್ತಿಯ ಮೂಲಭೂತ ಹಕ್ಕಿನೊಳಗೆ ಬರುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 1989ರಲ್ಲಿ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಬೀದಿ ವ್ಯಾಪಾರಿಗಳನ್ನು ಎಬ್ಬಿಸಬಾರದು, ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ಅವರೇ ಇರಬೇಕು ಎಂಬ ಕೇಂದ್ರ ಕಾಯ್ದೆ ಬಂದದ್ದು 2014ರಲ್ಲಿ. ಸಂವಿಧಾನದ ದಾರಿ ತೆರೆದೇ ಇತ್ತು, ಅದರಲ್ಲಿ ನಡೆದು ಗುರಿ ಸೇರಲು 25 ವರ್ಷ ಹಿಡಿಯಿತು. ಅಷ್ಟು ವರ್ಷ ಅವಳು ಅಲ್ಲಿಯೇ ಕೂತು ಸೊಪ್ಪು ಮಾರಿದ್ದನ್ನು ತಪ್ಪೆಂದು ಹೇಳಲು ನನ್ನಿಂದಾಗದು.

ನಮಸ್ಕಾರ.