ದೊಡ್ಡ ಹಾಲ್‌ನಲ್ಲಿ ವೈರಿಲ್ಲದ ಸ್ಪೀಕರ್: ಹತ್ತಿರ ಇಡಿ, ಮೆತ್ತಗೆ ಇಡಿ

ಕೇಳುಗರಿಗೆಲ್ಲ ನಮಸ್ಕಾರ.

ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬಾಗಿಲಲ್ಲೇ ಬ್ಲೂಟೂತ್ ಸ್ಪೀಕರ್‌ಗಳು ಸಾಲಾಗಿ ನಿಂತಿರುತ್ತವೆ. ಬಣ್ಣದ ಲೈಟು ಮಿನುಗುತ್ತಿರುತ್ತದೆ. ಡಬ್ಬದ ಮೇಲೆ ಇಷ್ಟು ವ್ಯಾಟ್ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಒಂದು ತರುತ್ತೀರಿ. ದೊಡ್ಡ ಹಾಲ್‌ಗೆ ಸಾಲುವುದಿಲ್ಲ. ಇನ್ನೊಂದು ತರುತ್ತೀರಿ. ಭಾವನ ಮನೆಯಿಂದ ಮತ್ತೊಂದು ಬರುತ್ತದೆ. ಕಾರ್ಯಕ್ರಮದ ದಿನ ಎಲ್ಲವನ್ನೂ ಮುಂದುಗಡೆ ಪೇರಿಸಿ ಸದ್ದು ಪೂರ್ತಿ ಏರಿಸುತ್ತೀರಿ. ಮುಂದಿನ ಸಾಲಿನ ಅಜ್ಜಿ ಕಿವಿ ಮುಚ್ಚಿಕೊಳ್ಳುತ್ತಾರೆ. ಹಿಂದಿನ ಸಾಲಿನವರು "ಎಂತ ಹೇಳಿದ್ರು?" ಅಂತ ಪಕ್ಕದವರನ್ನು ಕೇಳುತ್ತಾರೆ. ಆಮೇಲೆ ನನಗೆ ಫೋನು.

ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು. ಊರ ಕಾರ್ಯಕ್ರಮಗಳಲ್ಲಿ ಮೈಕ್ ನೋಡಿಕೊಳ್ಳುವ ಹುಚ್ಚು ಆ ಕೆಲಸಕ್ಕಿಂತಲೂ ಹಳೆಯದು. ಇವತ್ತು ನನಗೆ ಕೊಟ್ಟಿರುವ ಸಮಯದಲ್ಲಿ ಹೇಳುವುದು ಒಂದೇ ಮಾತು. ಸ್ಪೀಕರನ್ನು ಕೇಳುವವರ ಹತ್ತಿರ ಇಡಿ, ಮೆತ್ತಗೆ ಇಡಿ. ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಯಾಕೆ ಅಂತ ಕೇಳಿದರೆ, ಲೆಕ್ಕ ಬಹಳ ಸುಲಭ. ಸ್ಪೀಕರಿನಿಂದ ನೇರವಾಗಿ ಕಿವಿಗೆ ಬರುವ ಸದ್ದು ದೂರ ಹೋದಂತೆ ಸೊರಗುತ್ತದೆ. ದೂರ ಎರಡರಷ್ಟಾದರೆ, ಅಷ್ಟೇ ಸದ್ದು ಕೇಳಿಸಲು ನಾಲ್ಕು ಪಟ್ಟು ಶಕ್ತಿ ಬೇಕು. 10 ಅಡಿಗೆ 5 ವ್ಯಾಟ್ ಸಾಕಾಗಿದ್ದರೆ 20 ಅಡಿಗೆ 20 ವ್ಯಾಟ್, 40 ಅಡಿಗೆ 80 ವ್ಯಾಟ್. ಮುಂದೆ ಕೂತವರ ಕಿವಿಯ ಗತಿ ಯೋಚನೆ ಮಾಡಿ! ಇಷ್ಟಾದರೂ ಹಿಂದಿನವರಿಗೆ ಮಾತು ತಿಳಿಯುವುದಿಲ್ಲ. ಯಾಕೆಂದರೆ ಅಷ್ಟು ಜೋರು ಸದ್ದು ಗೋಡೆಗೆ, ನೆಲದ ಟೈಲ್ಸ್‌ಗೆ, ಮೇಲಿನ ಶೀಟಿಗೆ ಬಡಿದು ವಾಪಸು ಬರುತ್ತದೆ. ಹಿಂದೆ ಕೂತವರು ಸ್ಪೀಕರಿಗಿಂತ ಜಾಸ್ತಿ ಗೋಡೆಯನ್ನೇ ಕೇಳುತ್ತಿರುತ್ತಾರೆ.

ಅಡಿಕೆ ತೋಟಕ್ಕೆ ನೀವು ಹೇಗೆ ನೀರು ಕೊಡುತ್ತೀರಿ? ಒಂದು ಮೂಲೆಯಲ್ಲಿ ದೊಡ್ಡ ಪೈಪ್ ಹಿಡಿದು ನಿಂತು ಕೊನೆಯ ಮರದವರೆಗೆ ಹಾರಿಸುತ್ತೀರಾ? ಇಲ್ಲ. ಅಲ್ಲಲ್ಲಿ ಸ್ಪ್ರಿಂಕ್ಲರ್ ಇಡುತ್ತೀರಿ. ಒಂದೊಂದೂ ತನ್ನ ಸುತ್ತಿನ ಮರಗಳನ್ನಷ್ಟೇ ನೋಡಿಕೊಳ್ಳುತ್ತದೆ. ತೋಟದಲ್ಲಿ ಇಷ್ಟು ಚೆನ್ನಾಗಿ ಗೊತ್ತಿರುವ ವಿಷಯ ಹಾಲ್‌ನೊಳಗೆ ಕಾಲಿಟ್ಟ ಕೂಡಲೇ ಎಲ್ಲಿ ಹೋಗುತ್ತದೋ ನನಗೆ ಗೊತ್ತಿಲ್ಲ.

ಸರಿ, ನಾಲ್ಕು ಕಡೆ ನಾಲ್ಕು ಸ್ಪೀಕರ್ ಇಡುವುದು ಅಂತಾಯಿತು. ಒಂದು ಮೊಬೈಲಿನಿಂದ ನಾಲ್ಕಕ್ಕೂ ಹಾಡು ಹೋಗುತ್ತದಾ? ಸಾಮಾನ್ಯ ಬ್ಲೂಟೂತ್‌ನಲ್ಲಿ ಹೋಗುವುದಿಲ್ಲ. ಒಂದು ಮೊಬೈಲಿಗೆ ಒಂದು ಸ್ಪೀಕರ್, ಅದು ಅದರ ಕ್ರಮ. ಕೆಲವು ಮೊಬೈಲ್‌ಗಳು ಎರಡಕ್ಕೆ ಕೊಡುತ್ತವೆ. ಅದಕ್ಕಿಂತ ಜಾಸ್ತಿ ಬೇಕಾದರೆ ಸ್ಪೀಕರ್‌ಗಳೇ ತಮ್ಮತಮ್ಮಲ್ಲಿ ಕೈ ಹಿಡಿಯಬೇಕು. ಅದಕ್ಕೆ ಒಂದೊಂದು ಕಂಪನಿಯವರು ಒಂದೊಂದು ಹೆಸರು ಇಟ್ಟಿದ್ದಾರೆ. ರೇಡಿಯೊದಲ್ಲಿ ಕಂಪನಿ ಹೆಸರು ಹೇಳುವ ಹಾಗಿಲ್ಲ, ಹಾಗಾಗಿ ಬಿಡಿ. ಮುಖ್ಯ ವಿಷಯ ಏನೆಂದರೆ, ಈ ಕಂಪನಿಯದು ಆ ಕಂಪನಿಯದರ ಜೊತೆ ಸೇರುವುದಿಲ್ಲ. ಒಂದೇ ಕಂಪನಿಯ ಹಳೆಯದು ಹೊಸದರ ಜೊತೆಗೂ ಎಷ್ಟೋ ಸಲ ಸೇರುವುದಿಲ್ಲ. ಆದ್ದರಿಂದ ಕೊಳ್ಳುವಾಗಲೇ ಒಂದೇ ಕಂಪನಿ, ಒಂದೇ ಮಾದರಿ ತಗೊಳ್ಳಿ. ಅಂಗಡಿಯಲ್ಲೇ ಎರಡನ್ನೂ ಜೋಡಿಸಿ ತೋರಿಸಿ ಅಂತ ಹೇಳಿ. ನಾಚಿಕೆ ಬೇಡ, ದುಡ್ಡು ಕೊಡುವವರು ನೀವು.

2022ರಲ್ಲಿ ಬ್ಲೂಟೂತ್ ಒಕ್ಕೂಟದವರು ಆರಾಕಾಸ್ಟ್ ಅಂತ ಹೊಸ ಪದ್ಧತಿ ಪ್ರಕಟಿಸಿದರು. ಇದರಲ್ಲಿ ಒಂದು ಕಡೆಯಿಂದ ಬಿತ್ತರ, ಎಷ್ಟು ಸ್ಪೀಕರ್ ಬೇಕಾದರೂ ಅದನ್ನು ಹಿಡಿದುಕೊಳ್ಳಬಹುದು. ಬೇರೆ ಬೇರೆ ಕಂಪನಿಯವೂ ಸೇರಲಿ ಅನ್ನುವುದೇ ಅದರ ಉದ್ದೇಶ. ಹೊಸದಾಗಿ ಕೊಳ್ಳುವವರು ಆ ಗುರುತು ಇದೆಯಾ ನೋಡಿ.

ಈಗ ಒಂದು ಪ್ರಸಂಗ ಹೇಳಲೇಬೇಕು. ತೀರ್ಥಹಳ್ಳಿ ಕಡೆಯ ಒಂದು ಮನೆ. ಆರಿದ್ರಾ ಮಳೆ ಹಿಡಿದಿತ್ತು. ಮಳೆಗಾಲ ಅಂದರೆ ನಮ್ಮಲ್ಲಿ ತಾಳಮದ್ದಲೆ ಇರಲೇಬೇಕು ಅಲ್ವಾ? ಮನೆಯ ಯಜಮಾನರಿಗೆ ಅದರ ಮೇಲೆ ಪ್ರಾಣ. ಜಗಲಿಯಲ್ಲಿ ಜನ ಹಿಡಿಯುವುದಿಲ್ಲ ಅಂತ ಅಡಿಕೆ ಸುಲಿಯಲು ಕಟ್ಟಿಸಿದ್ದ ಶೆಡ್ಡಿನಲ್ಲೇ ಏರ್ಪಾಡು ಮಾಡಿದ್ದರು. ಉದ್ದ 80 ಅಡಿ. ಮೇಲೆ ತಗಡಿನ ಶೀಟು, ಕೆಳಗೆ ಸಿಮೆಂಟು ನೆಲ. ಪ್ರತಿ ಸಲ ಬರುವ ಮೈಕ್‌ಸೆಟ್‌ನವರಿಗೆ ಆ ಸಲ ಹೇಳಿರಲಿಲ್ಲ. ಮಗ ಬೆಂಗಳೂರಿನಿಂದ ಬಂದಿದ್ದ. "ಅಪ್ಪಯ್ಯ, ಆ ವೈರಿನ ರಾಶಿ ಎಲ್ಲ ಈಗ ಯಾರೂ ಇಟ್ಕೊಳಲ್ಲ, ನಾನು ನೋಡ್ಕೋತೀನಿ" ಅಂದಿದ್ದ. ನಾನು ಕೇಳಲು ಹೋದವನು. ಕೈಯಲ್ಲಿ ಕೊಡೆ ಬಿಟ್ಟರೆ ಇನ್ನೇನೂ ಇರಲಿಲ್ಲ.

ಹುಡುಗ ಜಾಣ. ನಾಲ್ಕು ಸ್ಪೀಕರ್ ತಂದಿದ್ದ. ಎರಡು ಒಂದು ಕಂಪನಿಯವು, ಇನ್ನೆರಡು ಇನ್ನೊಂದು ಕಂಪನಿಯವು, ಗೆಳೆಯನದು. ನಾಲ್ಕೂ ಒಟ್ಟಿಗೆ ಸೇರಲಿಲ್ಲ. ಅದಕ್ಕೆ ಅವನು ಮಾಡಿದ ಉಪಾಯ ಕೇಳಿ. ಎರಡು ಮೊಬೈಲ್ ತಗೊಂಡ. ಮೊಬೈಲನ್ನೇ ಮೈಕ್ ಮಾಡುವ ಆಪ್ ಇರುತ್ತದಲ್ಲ, ಅದನ್ನು ಎರಡಕ್ಕೂ ಹಾಕಿದ. ಒಂದು ಮೊಬೈಲು ಎಡಗಡೆಯ ಜೋಡಿಗೆ, ಇನ್ನೊಂದು ಬಲಗಡೆಯ ಜೋಡಿಗೆ. ಎರಡನ್ನೂ ಅರ್ಥಧಾರಿಗಳ ಮುಂದೆ ಪುಟ್ಟ ಮಣೆಯ ಮೇಲೆ ನಿಲ್ಲಿಸಿದ. ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಒಂದು ವೈರೂ ಕಾಣುತ್ತಿರಲಿಲ್ಲ.

ಭಾಗವತರು ಪದ ಹೇಳುವವರೆಗೆ ಹೇಗೋ ನಡೆಯಿತು. ಚೆಂಡೆ ಮದ್ದಲೆ ನಡುವೆ ಯಾರಿಗೂ ಅಷ್ಟು ಗೊತ್ತಾಗಲಿಲ್ಲ. ಚೆಂಡೆಗೆ ಮೈಕೇ ಬೇಡ ಬಿಡಿ. ಆಮೇಲೆ ಕೃಷ್ಣನ ಅರ್ಥ ಹೇಳುವವರು ಬಾಯಿ ತೆರೆದರು. ಹೆಸರುವಾಸಿ ಮಾತುಗಾರರು. ಒಂದು ವಾಕ್ಯ ಹೇಳಿದರು, ನಿಲ್ಲಿಸಿದರು. ಇನ್ನೊಂದು ಶುರು ಮಾಡಿದರು, ತೊದಲಿದರು. ತಮ್ಮ ಜೀವನದಲ್ಲಿ ತೊದಲದ ಮನುಷ್ಯ! ಕೃಷ್ಣ ಒಬ್ಬ, ಮಾತು ಮೂರು ಸಲ. ಒಂದು ಅವರ ಬಾಯಿಂದ, ಸ್ವಲ್ಪ ತಡೆದು ಎಡಗಡೆಯಿಂದ, ಇನ್ನೂ ಸ್ವಲ್ಪ ತಡೆದು ಬಲಗಡೆಯಿಂದ. ಎದುರು ಕೂತಿದ್ದ ಕೌರವ ಮೀಸೆಯಲ್ಲೇ ನಗುತ್ತಾ, "ಏನಯ್ಯಾ ಕೃಷ್ಣ, ಒಂದೇ ಮಾತಿನವನು ಅಂತ ಕೇಳಿದ್ದೆ, ಇವತ್ತು ಮೂರು ಮಾತಾಡುತ್ತಿದ್ದೀಯಲ್ಲ!" ಅಂದುಬಿಟ್ಟರು. ಶೆಡ್ಡಿಗೆ ಶೆಡ್ಡೇ ನಕ್ಕಿತು. ಯಜಮಾನರ ಮುಖ ಮಾತ್ರ ಕೆಂಪಾಗಿತ್ತು. ನನ್ನ ಹತ್ತಿರ ಬಂದು, "ಎಂತ ಮಾಡೋದು ಮಾರಾಯ್ರೆ, ಒಂದು ಸಲ ನೋಡಿ" ಅಂದರು.

ಆಗಿದ್ದು ಇಷ್ಟೇ. ಬ್ಲೂಟೂತ್‌ನಲ್ಲಿ ಸದ್ದು ಹೊರಟ ಕೂಡಲೇ ತಲುಪುವುದಿಲ್ಲ. ಮೊಬೈಲು ಅದನ್ನು ಸಣ್ಣ ಸಣ್ಣ ಕಂತೆ ಮಾಡಿ ಕಳಿಸುತ್ತದೆ, ಸ್ಪೀಕರ್ ಸ್ವಲ್ಪ ಕೂಡಿಟ್ಟುಕೊಂಡು ಬಿಚ್ಚಿ ನುಡಿಸುತ್ತದೆ. ಇದಕ್ಕೆ ಸುಮಾರು 100ರಿಂದ 250 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಕಾಲು ಸೆಕೆಂಡಿನವರೆಗೆ ಬೇಕು. ಒಂದೊಂದು ಸ್ಪೀಕರಿಗೆ ಒಂದೊಂದು ಥರ. ಹಾಡು ಕೇಳುವಾಗ ಇದು ತಿಳಿಯುವುದೇ ಇಲ್ಲ. ಹಾಡು ಕಾಲು ಸೆಕೆಂಡು ತಡವಾಗಿ ಶುರುವಾದರೆ ಯಾರಿಗೆ ನಷ್ಟ? ಆದರೆ ಎದುರಿಗೆ ಕೂತು ಮಾತಾಡುವವನ ಮಾತೇ ತಡವಾಗಿ ಅವನ ಕಿವಿಗೆ ಬಿದ್ದರೆ ನಾಲಿಗೆ ಕಟ್ಟುತ್ತದೆ. ಸುಮಾರು 200 ಮಿಲಿಸೆಕೆಂಡು ತಡವಾದರೆ ಎಂಥ ಮಾತುಗಾರನೂ ತೊದಲುತ್ತಾನೆ. ಬೇಕಾದರೆ ವಿದ್ವಾಂಸರನ್ನೇ ಕೂರಿಸಿ ನೋಡಿ.

ನಾನು ಮೊಬೈಲುಗಳನ್ನು ತೆಗೆಸಿದೆ. ಪಕ್ಕದ ಭಜನಾ ಮಂದಿರದಿಂದ ಒಂದು ವೈರಿನ ಮೈಕು, ಮೈಕಿನ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಸಣ್ಣ ಮಿಕ್ಸರು ಬಂತು. ಆ ಸ್ಪೀಕರ್‌ಗಳ ಬೆನ್ನಲ್ಲಿ ವೈರು ಸಿಕ್ಕಿಸುವ ಆಕ್ಸ್ ತೂತು ಇತ್ತು, ಸದ್ಯ. ಅದಕ್ಕೆ ವೈರು ಕೊಟ್ಟೆ. ಎರಡನ್ನು ಮುಂದೆ ಇಟ್ಟೆ, ಇನ್ನೆರಡನ್ನು 40 ಅಡಿ ಆಚೆ, ಶೆಡ್ಡಿನ ನಡುವೆ ಎರಡು ಸ್ಟೂಲಿನ ಮೇಲೆ, ಹಿಂದಿನವರ ಕಡೆ ಮುಖ ಮಾಡಿ ಇಟ್ಟೆ. ಸದ್ದು ಅರ್ಧಕ್ಕಿಂತ ಕೆಳಗೆ ಇಳಿಸಿದೆ. ಹುಡುಗ, "ಅಂಕಲ್, ಇಷ್ಟು ಕಡಿಮೆನಾ?" ಅಂತ ಎರಡೆರಡು ಸಲ ಕೇಳಿದ. ಕೊನೆಯ ಸಾಲಿಗೆ ಹೋಗಿ ಕೂತು ನೋಡು ಅಂದೆ. ಹೋದವನು ಬೆಳಗಿನವರೆಗೆ ಅಲ್ಲಿಂದ ಏಳಲಿಲ್ಲ. ನಡುವೆ ಒಮ್ಮೆ ಮಳೆ ಎಷ್ಟು ಜೋರಾಯಿತು ಅಂದರೆ ಶೀಟಿನ ಸದ್ದಿಗೆ ಕೃಷ್ಣನೂ ಕೌರವನೂ ಸುಮ್ಮನಾಗಿ ಕಾಫಿ ತರಿಸಿಕೊಂಡರು. ಅದಕ್ಕೆ ಮಾತ್ರ ನನ್ನಲ್ಲಿ ಔಷಧಿ ಇಲ್ಲ.

ನೆನಪಿಡಿ: ಎದುರಿಗೆ ಕೂತು ಆಡುವ ಮಾತಿಗೆ ವೈರು, ಹಾಡಿಗೆ ಬ್ಲೂಟೂತ್. ಕೈಯಲ್ಲಿ ಹಿಡಿಯುವ ಕಾರ್ಡ್‌ಲೆಸ್ ಮೈಕ್ ಬೇರೆ, ಅದರಲ್ಲಿ ಇಷ್ಟು ತಡ ಇರುವುದಿಲ್ಲ, ಧಾರಾಳವಾಗಿ ಬಳಸಿ. ಮತ್ತೆ ಸ್ಪೀಕರ್ ಹತ್ತಿರ ಇಡಿ, ಮೆತ್ತಗೆ ಇಡಿ.

ಆ ಇನ್ನೆರಡನ್ನು ತೀರಾ ಹಿಂದಿನ ಗೋಡೆಗೆ ಇಡದೆ ನಡುವೆ ಯಾಕೆ ಇಟ್ಟೆ? ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 80 ಅಡಿ ದಾಟಲು 70 ಮಿಲಿಸೆಕೆಂಡು. ವೈರಿನಲ್ಲಿ ಅದೇ ಸದ್ದು ಆ ಕ್ಷಣವೇ ಕೊನೆಗೆ ತಲುಪಿರುತ್ತದೆ. ಹಾಗಾಗಿ ಹಿಂದಿನ ಗೋಡೆಯ ಸ್ಪೀಕರ್ ಮೊದಲು ನುಡಿಯುತ್ತದೆ, ಮುಂದಿನದರ ಸದ್ದು ಆಮೇಲೆ ನಡೆದುಕೊಂಡು ಬರುತ್ತದೆ. ಈ ಎರಡರ ನಡುವೆ ಸುಮಾರು 50 ಮಿಲಿಸೆಕೆಂಡಿಗಿಂತ ಜಾಸ್ತಿ ಅಂತರ ಬಿದ್ದರೆ ಕಿವಿಗೆ ಒಂದು ಮಾತು ಎರಡಾಗಿ ಕೇಳುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಕಿವಿ ಎರಡನ್ನೂ ಸೇರಿಸಿ ಒಂದೇ ಮಾಡಿಕೊಳ್ಳುತ್ತದೆ. 1949ರಲ್ಲಿ ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ತನ್ನ ಪ್ರಬಂಧದಲ್ಲಿ ತೋರಿಸಿಕೊಟ್ಟ. 40 ಅಡಿಗೆ 36 ಮಿಲಿಸೆಕೆಂಡು. ನನ್ನ ಲೆಕ್ಕ ಅದು. ನಿಮಗೆ ಇಷ್ಟೆಲ್ಲ ಬೇಡ. ಒಂದು ಸ್ಪೀಕರಿಗೂ ಅದರ ಹಿಂದಿನದಕ್ಕೂ 40 ಅಡಿಗಿಂತ ಜಾಸ್ತಿ ಅಂತರ ಬಿಡಬೇಡಿ, ಅಷ್ಟೇ. ಹಾಲ್ ಇನ್ನೂ ಉದ್ದ ಇದ್ದರೆ ಹಿಂದಿನ ಸ್ಪೀಕರ್‌ಗಳನ್ನು ಬೇಕೆಂದೇ ತಡ ಮಾಡುವ ಡಿಲೇ ಅನ್ನುವ ಸೌಕರ್ಯ ಕೆಲವು ಮಿಕ್ಸರ್‌ಗಳಲ್ಲಿ ಇರುತ್ತದೆ. ಆ ಕೆಲಸ ಗೊತ್ತಿದ್ದವರಿಗೆ ಬಿಡಿ.

ಪ್ರಸಂಗ ಹೇಳುತ್ತಾ ಸಮಯ ಬಹಳ ತಿಂದೆ ಅಂತ ಕಾಣುತ್ತದೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಎರಡು ಸ್ಪೀಕರ್ ಜೋಡಿಸುವಾಗ ಆಪ್ ನಿಮ್ಮನ್ನು ಸ್ಟೀರಿಯೊ ಬೇಕಾ ಪಾರ್ಟಿ ಬೇಕಾ ಅಂತ ಕೇಳುತ್ತದೆ. ದೊಡ್ಡ ಹಾಲ್‌ಗೆ ಸ್ಟೀರಿಯೊ ಬೇಡ. ಅದರಲ್ಲಿ ಅರ್ಧ ಸಂಗೀತ ಎಡಕ್ಕೆ, ಅರ್ಧ ಬಲಕ್ಕೆ. ಎಡಗಡೆ ಕೂತ ಬೀಗರಿಗೆ ಪಿಟೀಲು ಮಾತ್ರ, ಬಲಗಡೆಯವರಿಗೆ ಮೃದಂಗ ಮಾತ್ರ ಅಂತಾದೀತು. ಎಲ್ಲದರಲ್ಲೂ ಒಂದೇ ಬರುವ ಪಾರ್ಟಿ ಅನ್ನುವುದನ್ನು ಒತ್ತಿ.

ವೈಫೈ ಸ್ಪೀಕರ್ ಇರುವವರು ಎಲ್ಲವನ್ನೂ ಒಂದೇ ರೂಟರಿಗೆ ಸೇರಿಸಿ ಆಪ್‌ನಲ್ಲಿ ಗುಂಪು ಮಾಡಿಕೊಳ್ಳಬಹುದು. ಅವು ಒಂದೇ ಗಡಿಯಾರ ನೋಡಿಕೊಂಡು ನುಡಿಯುತ್ತವೆ, ಹಾಗಾಗಿ ಹಿಂದೆ ಮುಂದೆ ಆಗುವುದಿಲ್ಲ. ಹಾಡಿಗೆ ಬಹಳ ಚೆನ್ನ. ಆದರೆ ನಮ್ಮ ಮಲೆನಾಡಿನ ಕರೆಂಟು ನಿಮಗೆ ಗೊತ್ತಲ್ಲ. ಕರೆಂಟು ಹೋದರೆ ರೂಟರ್ ಹೋಯಿತು, ರೂಟರ್ ಹೋದರೆ ಗುಂಪೂ ಹೋಯಿತು. ರೂಟರನ್ನು ಇನ್ವರ್ಟರಿಗೆ ಸೇರಿಸದೆ ಈ ಸಾಹಸ ಬೇಡ.

ಬೆಳಿಗ್ಗೆ ಖಾಲಿ ಹಾಲ್‌ನಲ್ಲಿ ನೋಡಿದಾಗ ಸರಿಯಾಗಿತ್ತು, ಜನ ತುಂಬಿದ ಮೇಲೆ ಹಾಡು ಕಡಿದು ಕಡಿದು ಬಂತು ಅನ್ನುತ್ತಾರೆ. ಸ್ಪೀಕರ್ ಕೆಟ್ಟಿಲ್ಲ. ಬ್ಲೂಟೂತ್ 2.4 ಗಿಗಾಹರ್ಟ್ಸ್ ಅಲೆಗಳಲ್ಲಿ ಓಡುತ್ತದೆ. ಮನುಷ್ಯನ ಮೈಯಲ್ಲಿ ನೀರು ಜಾಸ್ತಿ, ನೀರು ಆ ಅಲೆಯನ್ನು ಹೀರುತ್ತದೆ. 200 ಜನ ಕೂತರೆ ನಡುವೆ ನೀರಿನ ಗೋಡೆ ಎದ್ದ ಹಾಗೇ. ಮೊಬೈಲನ್ನು ಜೇಬಿನಿಂದ ತೆಗೆದು ಎತ್ತರದಲ್ಲಿ, ಸ್ಪೀಕರ್ ಕಣ್ಣಿಗೆ ಕಾಣುವ ಕಡೆ ಇಡಿ. ಸ್ಪೀಕರನ್ನೂ ನೆಲದಲ್ಲಿ ಇಡಬೇಡಿ, ಕೂತವರ ತಲೆಗಿಂತ ಸ್ವಲ್ಪ ಮೇಲೆ ಇರಲಿ. ಮೂಲೆಗೆ ತಳ್ಳಬೇಡಿ, ಗುಂಯ್ ಅನ್ನುತ್ತದೆ. ನೆಲಕ್ಕೆ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಬಿಡಿ, ಅರ್ಧ ಪ್ರತಿಧ್ವನಿ ಅಲ್ಲೇ ಸಾಯುತ್ತದೆ.

ಮೈಕು ಕುಯ್ಯೋ ಅಂತ ಕೂಗುವುದಕ್ಕೂ ಕಾರಣ ಒಂದೇ. ಮೈಕು ಸ್ಪೀಕರಿನ ಎದುರಿಗೆ ಬಂದಿದೆ, ಸದ್ದೂ ಜಾಸ್ತಿ ಇದೆ. ಮೈಕ್ ಹಿಡಿದವರು ಸ್ಪೀಕರಿನ ಹಿಂದೆ ಇರಲಿ. ಸದ್ದು ಇಳಿಸಿ. "ಹಲೋ ಹಲೋ ಮೈಕ್ ಟೆಸ್ಟಿಂಗ್" ಅಂತ ಅಷ್ಟೊತ್ತು ಕೂಗುವುದೂ ಬೇಡ, ಒಬ್ಬರನ್ನು ಕೊನೆಯ ಸಾಲಿಗೆ ಕಳಿಸಿ, ಪೇಪರ್ ತಗೊಂಡು ನಾಲ್ಕು ಸಾಲು ಓದಿ. ಅಲ್ಲಿಂದ ಅವರು ಕೈ ಎತ್ತಿದರೆ ಸಾಕು.

ಕಾರ್ಯಕ್ರಮದ ಹಿಂದಿನ ರಾತ್ರಿಯೇ ಎಲ್ಲ ಸ್ಪೀಕರ್ ಚಾರ್ಜಿಗೆ ಹಾಕಿ. ಬೆಳಿಗ್ಗೆ ಹಾಕುತ್ತೇನೆ ಅಂದವರ ಮನೆಯಲ್ಲಿ ಬೆಳಿಗ್ಗೆ ಕರೆಂಟು ಇರುವುದಿಲ್ಲ. ಚಾರ್ಜು ಉಳಿಸಬೇಕು ಅಂದರೂ ದಾರಿ ಅದೇ: ಹತ್ತಿರ ಇಡಿ, ಮೆತ್ತಗೆ ಇಡಿ. ಹಾಡು ನುಡಿಸುವ ಮೊಬೈಲಿನ ಸಿಮ್ ತೆಗೆದಿಡಿ. ಇಲ್ಲದಿದ್ದರೆ ಮಾಂಗಲ್ಯಧಾರಣೆಯ ಹೊತ್ತಿಗೆ ಸರಿಯಾಗಿ ಅಡುಗೆಯವರ ಫೋನು ಬಂದು ನಾಲ್ಕೂ ಸ್ಪೀಕರಿನಲ್ಲಿ ರಿಂಗಾಗುತ್ತದೆ.

ನಮಸ್ಕಾರ.