ಮಾತಿಲ್ಲದ ಒಂಬತ್ತು ನಿಮಿಷ: ಆನ್ ಬ್ಯಾಂಕ್ರಾಫ್ಟ್

ಕೇಳುಗರಿಗೆ ನಮಸ್ಕಾರ. ಒಂದೇ ಪಾತ್ರಕ್ಕೆ ರಂಗಭೂಮಿಯ ಟೋನಿ ಪ್ರಶಸ್ತಿಯನ್ನೂ ಸಿನಿಮಾದ ಆಸ್ಕರನ್ನೂ ಗೆದ್ದ ನಟಿಯರು ವಿರಳ. ಅಮೆರಿಕದ ಆನ್ ಬ್ಯಾಂಕ್ರಾಫ್ಟ್ ಅವರಲ್ಲೊಬ್ಬರು.

1931ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದವರು, ಇಟಲಿ ಮೂಲದ ಮನೆತನ. 1952ರಲ್ಲಿ ಹಾಲಿವುಡ್ ಸೇರಿದರೂ ಸಿಕ್ಕಿದ್ದು ಬಹುಪಾಲು ಜೊಳ್ಳು ಪಾತ್ರಗಳು. ಒಂದು ಚಿತ್ರದಲ್ಲಂತೂ ಗೊರಿಲ್ಲಾದ ಕಾಟ. ಬೇಸತ್ತು ಊರಿಗೆ ಮರಳಿದರು. 1958ರಲ್ಲಿ ‘ಟು ಫಾರ್ ದ ಸೀಸಾ’, ಎರಡೇ ಪಾತ್ರಗಳ ನಾಟಕ, ಎದುರಿಗೆ ನಟ ಹೆನ್ರಿ ಫೋಂಡಾ. ಮೊದಲ ಟೋನಿ ಬಂತು.

ಮರುವರ್ಷ ಅದೇ ನಾಟಕಕಾರ ವಿಲಿಯಂ ಗಿಬ್ಸನ್, ಅದೇ ನಿರ್ದೇಶಕ ಆರ್ಥರ್ ಪೆನ್. ನಾಟಕ ‘ದ ಮಿರಾಕಲ್ ವರ್ಕರ್’. ಕಣ್ಣು ಕಾಣದ, ಕಿವಿ ಕೇಳದ ಹೆಲೆನ್ ಕೆಲರ್‌ಗೆ ಭಾಷೆ ಕೊಟ್ಟ ಗುರು ಆನಿ ಸಲಿವನ್ ಪಾತ್ರ. ಅಂಗೈಯಲ್ಲಿ ಬೆರಳುಗಳಿಂದ ಅಕ್ಷರ ಮೂಡಿಸುವ ಲಿಪಿಯನ್ನು ಬ್ಯಾಂಕ್ರಾಫ್ಟ್ ಇದಕ್ಕಾಗಿಯೇ ಕಲಿತರು. ಈ ಪಾತ್ರಕ್ಕೆ ಎರಡನೇ ಟೋನಿ ಬಂತು.

ನಾಟಕದ ಜೀವ ಊಟದ ಮನೆಯ ಕಾದಾಟ. ಹೆಲೆನ್ ಎಲ್ಲರ ತಟ್ಟೆಗೂ ಕೈ ಹಾಕುತ್ತಾಳೆ. ಆನಿ ಮನೆಯವರನ್ನು ಹೊರಗೆ ಕಳಿಸಿ ಬಾಗಿಲು ಬೀಗ ಹಾಕುತ್ತಾಳೆ. ಚಮಚ ಕೈಗಿಟ್ಟರೆ ಹುಡುಗಿ ಎಸೆಯುತ್ತಾಳೆ. ಇನ್ನೊಂದು ಕೊಟ್ಟರೆ ಅದೂ ನೆಲಕ್ಕೆ. ಎಳೆದಾಟ, ಹೊಡೆತ, ಮುಖಕ್ಕೆ ನೀರು. ಮಾತು ಇಲ್ಲವೇ ಇಲ್ಲ ಎನ್ನಬಹುದು. (ಇಂಥದ್ದನ್ನು ಬಾನುಲಿಯಲ್ಲಿ ಹೇಳಹೊರಟಿದ್ದೇನೆ, ನೋಡಿ!) ಹೆಲೆನ್ ಆದ ಪ್ಯಾಟಿ ಡ್ಯೂಕ್ ಆಗಿನ್ನೂ ಹನ್ನೆರಡರ ಹುಡುಗಿ. ಏಟು ಹುಸಿಯಾದರೆ ಪ್ರೇಕ್ಷಕ ನಂಬುವುದಿಲ್ಲ, ನಿಜವಾದರೆ ಮೈ ಉಳಿಯುವುದಿಲ್ಲ.

1962ರ ಸಿನಿಮಾಕ್ಕೆ ಎಲಿಜಬೆತ್ ಟೇಲರ್‌ರಂಥ ದೊಡ್ಡ ತಾರೆ ಬೇಕೆಂಬುದು ಸ್ಟುಡಿಯೋದ ಆಸೆ. ಹಣ ಕಡಿಮೆಯಾದರೂ ಸರಿ, ಬ್ಯಾಂಕ್ರಾಫ್ಟೇ ಬೇಕೆಂದು ಪೆನ್ ಪಟ್ಟುಹಿಡಿದರು. ಸುಮಾರು ಒಂಬತ್ತು ನಿಮಿಷದ ಆ ದೃಶ್ಯಕ್ಕೆ ಮೂರು ಕ್ಯಾಮೆರಾ, ಐದು ದಿನ ಹಿಡಿಯಿತು. ಇಬ್ಬರೂ ಬಟ್ಟೆಯೊಳಗೆ ಮೆತ್ತೆ ಕಟ್ಟಿಕೊಂಡಿದ್ದರು. ಚೆಲ್ಲಿದ ತಿನಿಸು, ನೀರು ಎರಡನೇ ಸಲ ಅದೇ ಜಾಗಕ್ಕೆ ಬೀಳುವುದಿಲ್ಲವಲ್ಲ. ಒಂದೇ ಕ್ಯಾಮೆರಾ ನೆಚ್ಚಿದ್ದರೆ ತುಣುಕಿಗೆ ತುಣುಕು ಕೂಡಿಸುವುದು ಕಷ್ಟವಿತ್ತು.

ಇಬ್ಬರಿಗೂ ಆಸ್ಕರ್ ಬಂತು. ಬ್ಯಾಂಕ್ರಾಫ್ಟ್ ನಾಟಕದ ಕೆಲಸ ಬಿಟ್ಟು ಬರಲಾಗದೆ, ಅವರ ಪರವಾಗಿ ನಟಿ ಜೋನ್ ಕ್ರಾಫರ್ಡ್ ಪ್ರಶಸ್ತಿ ಸ್ವೀಕರಿಸಿದರು.

ಜನ ಹೆಚ್ಚು ನೆನೆಯುವುದು ಮಾತ್ರ 1967ರ ‘ದ ಗ್ರಾಜುಯೇಟ್’ನ ಮಿಸೆಸ್ ರಾಬಿನ್‌ಸನ್‌ರನ್ನು. ಮಗನ ವಯಸ್ಸಿನ ಹುಡುಗನನ್ನು ಬಲೆಗೆ ಕೆಡಹುವ ಹೆಂಗಸು. ನಿಜದಲ್ಲಿ ಆ ಹುಡುಗನಾಗಿ ನಟಿಸಿದ ಡಸ್ಟಿನ್ ಹಾಫ್‌ಮನ್‌ಗೂ ಅವರಿಗೂ ಆರು ವರ್ಷದ ಅಂತರವೂ ಇರಲಿಲ್ಲ. ಆ ತಗ್ಗಿದ ದನಿ, ಅವಸರವಿಲ್ಲದ ನಡಿಗೆ ನೋಡುವಾಗ ಈ ಲೆಕ್ಕ ಯಾರಿಗೂ ಹೊಳೆಯುವುದಿಲ್ಲ.